ಹಿತ್ತಲಕ್ಕನ ದ್ರಾಕ್ಷಿಕಾಯಿ ಗೊಜ್ಜು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಅಮ್ಮನಿಗೆ ಸ್ನಾನಕ್ಕೆ ನೀರು ತೋಡಿಟ್ಟೆ. ಎಳ್ಳು ಹುರಿದೆ, ಒಣಮೆಣಸಿನಕಾಯಿ ಹುರಿದೆ, ನಡುವೆ ಬಿಸಿಯಾಗಿ ನಿಂತುಬಿಟ್ಟ ಮಿಕ್ಸಿಯನ್ನು ಬೈದುಕೊಂಡೆ. ಗೊಜ್ಜು ಕುದಿಸಿ ಡಬರಿಗೆ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಬಿಗಿದೆ. ರಾಗಿ ಹಿಟ್ಟು, ಮುದ್ದೆ ಕೋಲು, ಸೌಟು, ಒರೆಸುವ ಬಟ್ಟೆ ಎಲ್ಲ ಚೀಲಕ್ಕೆ ಹಾಕಿದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೆ ಆಟೋದಲ್ಲಿ ಡಬರಿಯನ್ನು ಎರಡೂ ಕಾಲಿನ ಮಧ್ಯೆ ಒತ್ತಿ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ನಮ್ಮವರು, ಡಬರಿ ಎಲ್ಲೂ ಓಡಿಹೋಗಲ್ಲ, ಸ್ವಲ್ಪ ಸರಿಯಾಗಿ ಕೂತ್ಕೋ ಎಂದರು. ಕೂರಲು ಆಗುತ್ತಿರಲಿಲ್ಲ.

ಬೆಟ್ಟದ ಬುಡದ ದ್ರಾಕ್ಷಿ ತೋಟವೊಂದರಲ್ಲಿ ಊಟ ಮತ್ತು ವೈನ್ ಮೇಳ. ನನ್ನಂತೆ ಮನೆಯಲ್ಲಷ್ಟೇ ಅಡುಗೆ ಮಾಡುವ ಹೆಂಗಸರಿಗೂ ಒಂದೊಂದು ಮೇಜು ಕೊಟ್ಟಿದ್ದರು. ನಮ್ಮ ಸೀಮೆಯ ಅಡುಗೆ ಏನಾದರೂ ತನ್ನಿ ಎಂದಾಗ, ಯೋಚಿಸುವ ಮೊದಲೇ ನನ್ನ ಬಾಯಿಂದ ಬಂದದ್ದು ದ್ರಾಕ್ಷಿಕಾಯಿ ಗೊಜ್ಜು. ಆಮೇಲೆ ದಿಗಿಲಾಯಿತು. ತವರಿನ ನಮ್ಮ ಬೀದಿ ಬಿಟ್ಟರೆ ಬೇರೆಲ್ಲೂ ನಾನದನ್ನು ಕಂಡವಳಲ್ಲ.

ಮೇಜಿನ ಮೇಲೆ ಆಗಲೇ ಒಂದು ಬೋರ್ಡು ನಿಲ್ಲಿಸಿದ್ದರು: ‘ಅಜ್ಜಿಯ ದ್ರಾಕ್ಷಿಕಾಯಿ ಗೊಜ್ಜು’. ಅದು ನನ್ನ ಅಜ್ಜಿಯದಲ್ಲವಲ್ಲ ಎಂದು ಅಂದುಕೊಂಡೆ, ಹೇಳಲಿಲ್ಲ. ಮುದ್ದೆಗೆ ಎಸರಿಟ್ಟೆ. ಡಬರಿಯ ಮುಚ್ಚಳ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಅಷ್ಟರಲ್ಲಿ ಗಾಳಿ ತಿರುಗಿತು. ಬಂದವರು ಕಾಲಲ್ಲಿ ತುಳಿದು ಆಟವಾಡಲೆಂದು ಆಚೆ ತೊಟ್ಟಿಯೊಂದರಲ್ಲಿ ದ್ರಾಕ್ಷಿ ತುಂಬಿಟ್ಟಿದ್ದರು. ಹಿಂದಿನ ದಿನದ ಹಣ್ಣೇ ಇರಬೇಕು, ಹುಳಿಯೇರಿ ನೊರೆ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ, ನಾನು ಚಿಕ್ಕ ಹುಡುಗಿಯಾಗಿ ಜಂಗಮಕೋಟೆಯ ನಮ್ಮ ಹಿತ್ತಲ ಗೋಡೆಯ ಹತ್ತಿರ ನಿಂತಿದ್ದೆ...

ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ಎದೆಮಟ್ಟದ ಒಂದೇ ಗೋಡೆ. ಅದಕ್ಕೇ ಅವರು ನಮಗೆಲ್ಲ ಹಿತ್ತಲಕ್ಕ. ಗಂಡ ಕುಡಿದು ಕುಡಿದೇ ಹೋಗಿದ್ದ. ಅಕ್ಕ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಗೊಂಚಲು ಒತ್ತಾಗದಂತೆ ಕತ್ತರಿಯಿಂದ ಎಳೆಕಾಯಿ ಬಿಡಿಸಿ ತೆಗೆಯುವ ಕೆಲಸ. ಹಾಗೆ ಕೆಳಗೆ ಬಿದ್ದ ಹುಳಿಕಾಯಿಯನ್ನು ಸೆರಗಿನಲ್ಲಿ ಕಟ್ಟಿ ತಂದು, ಒರಳಲ್ಲಿ ಜಜ್ಜಿ, ಹುಣಸೆಹಣ್ಣಿನ ಬದಲು ಅದನ್ನೇ ಹಾಕಿ ಗೊಜ್ಜು ಮಾಡುತ್ತಿದ್ದರು. ನಾನು ಕಲ್ಲಿನ ಮೇಲೆ ಹತ್ತಿ ಗೋಡೆಗೆ ಗಲ್ಲ ಊರಿ ನೋಡುತ್ತಿದ್ದೆ. ಅವರು ಎಳ್ಳು ಹುರಿಯುವಾಗ ನನ್ನ ಅಂಗೈಗೂ ನಾಲ್ಕು ಕಾಳು ಬೀಳುತ್ತಿತ್ತು.

ಗೊಜ್ಜು ಮಾಡಿದ ದಿನ ಕಲಾಯಿ ಹಾಕಿದ ಹಿತ್ತಾಳೆ ಬಟ್ಟಲೊಂದು ಗೋಡೆ ದಾಟಿ ಬರುತ್ತಿತ್ತು. ಬಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹುರುಳಿಕಾಳೋ, ಎರಡು ನಿಂಬೆಹಣ್ಣೋ, ಏನೂ ಇಲ್ಲದಿದ್ದರೆ ತಳಕ್ಕೆ ಒಂದು ಚಿಟಿಕೆ ಸಕ್ಕರೆಯೋ ಇರಲೇಬೇಕು. ಅಮ್ಮ ಅದನ್ನು ಎಂದೂ ಮರೆತವಳಲ್ಲ.

ಒಂದು ವರ್ಷ ಅಕಾಲದ ಮಳೆಗೆ ಅರೆಹಣ್ಣು ಬಹಳ ಉದುರಿತಂತೆ. ತೋಟದವರು ಬುಟ್ಟಿಗಟ್ಟಲೆ ಕೊಟ್ಟರು. ಬಿಸಾಡಲು ಮನಸ್ಸು ಬಾರದೆ ಅಕ್ಕ ಅದನ್ನೆಲ್ಲ ಬೆಲ್ಲದ ಜೊತೆ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಚಿಂತಾಮಣಿ ಕಡೆಯ ತಮ್ಮನ ಮನೆಗೆ ಹೋದರು. ಉಪ್ಪು ಹಾಕಿದ್ದರೆ ಕೆಡದೆ ನಿಲ್ಲುತ್ತಿತ್ತೇನೋ. ಅವರು ಹಿಂದಿರುಗುವಷ್ಟರಲ್ಲಿ ಭರಣಿ ಉಕ್ಕಿ, ನೊರೆ ಬಾಗಿಲ ಸಂದಿಯಿಂದ ಹರಿದು, ವಾಸನೆ ಬೀದಿಗೆಲ್ಲ ಹಬ್ಬಿತ್ತು. ಗಂಡ ಬಿಟ್ಟುಹೋದ ಕಸುಬನ್ನು ಹೆಂಡತಿ ಹಿಡಿದಳು ಎಂದು ಯಾರೋ ನಕ್ಕರು. ಆ ನಗು ಮನೆಯಿಂದ ಮನೆಗೆ ಹೋಯಿತು. ಅಕ್ಕ ಹಾಲು ತರುವಾಗ ಎದುರಾದವರು ಪಕ್ಕಕ್ಕೆ ಸರಿಯತೊಡಗಿದರು.

ಅಕ್ಕ ಭರಣಿಯನ್ನು ತಿಪ್ಪೆಗೆ ಸುರಿದು, ಮನೆ ತೊಳೆದು, ಹೊಸದಾಗಿ ಕಾಯಿ ತಂದು ಗೊಜ್ಜು ಮಾಡಿದರು. ಎಂದಿನಂತೆ ಬಟ್ಟಲು ಗೋಡೆ ದಾಟಿ ಬಂತು. ಅಮ್ಮ ಅದನ್ನು ಹಸುವಿನ ಕಲಗಚ್ಚಿನ ಬಾನಿಗೆ ಸುರಿದಳು. ಮನೆಯಲ್ಲಿ ಯಾರೂ ಮುಟ್ಟಬಾರದೆಂದು ಅಪ್ಪ ಹೇಳಿದ್ದರು. ಸಂಜೆ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಬರಿದಾಗಿಯೇ ಗೋಡೆಯಾಚೆ ನೀಡಿದಳು.

ಅಕ್ಕ ತೆಗೆದುಕೊಂಡು ಒಳಗೆ ನೋಡಿದರು. ಬೆರಳಿನಿಂದ ತಳ ಸವರಿದರು.

“ಬಟ್ಲು ಚೆನ್ನಾಗ್ ತೊಳ್ದಿದ್ದೀಯ ಕಣಮ್ಮ,” ಎಂದರು.

ಮತ್ತೆ ಬಟ್ಟಲು ಬರಲಿಲ್ಲ. ಅಕ್ಕ ಮನೆಗೆ ಬೀಗ ಹಾಕಿ ತಮ್ಮನ ಊರಿಗೆ ಹೋದರು. ತೀರಿಹೋದ ಸುದ್ದಿ ಯಾವಾಗಲೋ ಬಂತು, ಬಹಳ ತಡವಾಗಿ...

“ಆಂಟಿ, ಇನ್ನೊಂಚೂರು ಹಾಕಿ,” ಎಂದು ಒಬ್ಬರು ತಟ್ಟೆ ಚಾಚಿದಾಗ ಎಚ್ಚೆತ್ತೆ. ಮೇಜಿನ ಮುಂದೆ ಸಾಲಾಗಿ ಜನ, ಹಲವರ ಕೈಯಲ್ಲಿ ವೈನಿನ ಗ್ಲಾಸು. ಈ ವೈನಿಗೂ ನಿಮ್ಮ ಗೊಜ್ಜಿಗೂ ಹೇಳಿ ಮಾಡಿಸಿದ ಜೋಡಿ ಎಂದು ಒಬ್ಬರು ಹೊಗಳಿದರು. ನಕ್ಕೆ. ಮುಂದಿನ ತಟ್ಟೆಗೆ ಗೊಜ್ಜು ಬಡಿಸಿದೆ. ಮಧ್ಯಾಹ್ನದೊಳಗೆ ಡಬರಿಯ ತಳ ಕಂಡಿತು.

ಬೋರ್ಡು ಬರೆಸಿದ ಹುಡುಗಿ ಖುಷಿಯಿಂದ ಓಡಿಬಂದಳು. “ಆಂಟಿ, ನಿಮ್ಮ ಅಜ್ಜಿ ಹೆಸರು ಹೇಳಿ, ಬೋರ್ಡಲ್ಲಿ ಹಾಕ್ತೀವಿ.”

ಇದು ಅಜ್ಜಿಯದಲ್ಲ, ನಮ್ಮ ಹಿತ್ತಲಕ್ಕನದು ಎಂದೆ. ಹಾಗಾದರೆ ಅವರ ಹೆಸರೇ ಹೇಳಿ ಎಂದಳು. ಹೆಸರು ಬರಲಿಲ್ಲ. ಮರೆತದ್ದಲ್ಲ, ನನಗೆ ಎಂದೂ ಗೊತ್ತಿರಲೇ ಇಲ್ಲ. ಪಕ್ಕಕ್ಕೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ.

ಅಕ್ಕನ ಹೆಸರೇನು ಎಂದು ಕೇಳಿದೆ. “ಕೇಳ್ಲೇ ಇಲ್ವಲ್ಲಮ್ಮ ನಾವು,” ಎಂದಳು ಅಮ್ಮ. ಆಮೇಲೆ, “ಜನ ತಿಂದ್ರಾ?” ಎಂದಳು.

“ತಿಂದ್ರು.”

“ನಂಗೊಂದಿಷ್ಟು ತಗೊಂಬಾ.”

ಹುಡುಗಿಯ ಕೈಯಿಂದ ಪೆನ್ನು ತೆಗೆದುಕೊಂಡು, ‘ಅಜ್ಜಿಯ’ ಎಂಬುದನ್ನು ಹೊಡೆದು, ಮೇಲೆ ‘ಹಿತ್ತಲಕ್ಕನ’ ಎಂದು ಬರೆದೆ. ಡಬರಿಯಲ್ಲಿ ಉಳಿದದ್ದನ್ನು ಬಳಿದು ಸಣ್ಣ ಡಬ್ಬಿಗೆ ಹಾಕಿಕೊಂಡೆ. ಆಮೇಲೆ ಬಂದವರಿಗೆ ಮುಗಿಯಿತು ಎಂದೆ.

ರಾತ್ರಿ ಮುದ್ದೆ, ಗೊಜ್ಜು, ಮಜ್ಜಿಗೆ. ಎಲ್ಲರಿಗೂ ಸಾಲುವಷ್ಟು ಗೊಜ್ಜು ಇರಲಿಲ್ಲ, ನಾನೂ ನಮ್ಮವರೂ ಬೆಳಗಿನ ಸಾರಿನಲ್ಲೇ ಉಂಡೆವು. ಗೊಜ್ಜನ್ನು ಬಟ್ಟಲಿಗೆ ಹಾಕಿ ಅಮ್ಮನ ಮುಂದಿಟ್ಟೆ. ಅಮ್ಮ ಬೆರಳಿನಿಂದ ಬಳಿದು ಬಳಿದು ತಿಂದಳು. ಹುಳಿ ಸರಿಯಾಗಿದೆಯಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ತಾನೇ ಎದ್ದು ಹೋಗಿ ಬಟ್ಟಲು ತೊಳೆದ ಸದ್ದಾಯಿತು, ಡಬ್ಬಿಯೊಂದರ ಮುಚ್ಚಳದ ಸದ್ದೂ ಆಯಿತು. ಮೊದಲು ಮಲಗಿದವಳು ಅಮ್ಮ, ಆಮೇಲೆ ನಮ್ಮವರು. ನನಗೆ ನಿದ್ದೆ ಹತ್ತಲಿಲ್ಲ. ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ, ಕಟ್ಟೆಯ ಮೇಲೆ ತೊಳೆದ ಬಟ್ಟಲು ಇತ್ತು. ತಳದಲ್ಲಿ ಒಂದು ಚಿಟಿಕೆ ಸಕ್ಕರೆ.