ಒಂದು ಬದಿ ತೇಯ್ದ ಹುಣಸೆ ಬೀಜ

ಯಾವುದಕ್ಕಾದರೂ ಬೇಕಾಗುತ್ತೆ ಎಂದು ವರ್ಷಗಟ್ಟಲೆ ಎತ್ತಿಟ್ಟಿದ್ದ ಹಳೆಯ ಹುಣಸೆಹಣ್ಣಿನ ಭರಣಿಯನ್ನು ಮೊನ್ನೆ ಬಗ್ಗಿಸಿದೆ. ತಳದ ಕಪ್ಪು ಹುಳಿಯ ಘಾಟಿನ ಜೊತೆ ಪೇಪರಿನ ಮೇಲೆ ಉರುಳಿದ್ದು ಒಂದು ನೇರಳೆ ದಾಳ. ಇಪ್ಪತ್ತು ಮುಖದ್ದು. ಅಂಕಿಗಳ ಸಂದಿಯಲ್ಲಿ ಹುಳಿ ಮೆತ್ತಿಕೊಂಡಿತ್ತು. ಸೆರಗಿನಿಂದ ಒರೆಸುತ್ತಿದ್ದ ಹಾಗೇ ಮಹಡಿಮನೆಯ ಟೀಚರ್ ನೆನಪಾದರು...

ನಮ್ಮ ಮಧುಗಿರಿ ಮನೆಯ ಮಹಡಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಹೈಸ್ಕೂಲ್ ಟೀಚರ್ ಅವರು. ತವರು ಪಾವಗಡದ ಕಡೆ. ಖುಷಿಯಾದರೆ ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು, ಊಟವಾದ ಮೇಲೆ ನನ್ನನ್ನೂ ಅತ್ತೆಯನ್ನೂ ಚಾಪೆಯ ಮೇಲೆ ಕೂರಿಸಿಕೊಂಡು, ತಮ್ಮನಿಂದ ಕಲಿತ ಒಂದು ಆಟ ಆಡಿಸುತ್ತಿದ್ದರು. ಕಥೆ ಹೇಳುವುದು ಅವರು, ಕಥೆಯೊಳಗೆ ಓಡಾಡುವುದು ನಾವು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಹೇಳುವುದು ದಾಳ. ಎರಡೋ ಮೂರೋ ಬಿದ್ದು ಸೋತರೂ ಟೀಚರ್ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಬಾಗಿಲು ತೆರೆಯದಿದ್ದರೆ ಕಿಟಕಿಯಲ್ಲಾದರೂ ಏನೋ ಒಂದು ಕಾಣಿಸುತ್ತಿತ್ತು.

ಅತ್ತೆ ಕೊಡಲಿ ಹಿಡಿದ ವೀರೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಮುಂದೆ ತುಟಿ ಬಿಚ್ಚದೆ ಬೆಳೆದ ನಾನು, ಬೆಂಕಿಯುಂಡೆ ಎಸೆಯುವ ಮಂತ್ರವಾದಿ.

ಮಂತ್ರವೊಂದಕ್ಕೆ ಒಂದು ಹುಣಸೆ ಬೀಜ. ಮಂತ್ರ ಹಾಕಿದರೆ ಬೀಜ ಟೀಚರ್ ತಟ್ಟೆಗೆ. ಕಥೆಯಲ್ಲಿ ಮಲಗಿ ಎದ್ದರೆ ಎಲ್ಲವೂ ವಾಪಸ್. ಆಟದಲ್ಲಿ ಗೆದ್ದು ಗೆದ್ದು ನನ್ನ ಮಂತ್ರವಾದಿ ಹದಿನೇಳನೆಯ ಮೆಟ್ಟಿಲು ಏರಿದ ದಿನ, ಒಂದು ಬದಿ ಬೆಳ್ಳಗೆ ತೇಯ್ದ ಬೀಜವನ್ನು ಅಂಗೈಯಲ್ಲಿಟ್ಟರು. ಕಾಲವನ್ನೇ ನಿಲ್ಲಿಸುವ ಮಂತ್ರ.

"ಲೋಕ ಎಲ್ಲಾ ನಿಂತ್ಬುಡ್ತದೆ, ನೀನೊಬ್ಳೇ ಓಡಾಡ್ತೀಯ. ಯಾರನ್ನಾದ್ರೂ ಮುಟ್ಟಿದ್ಯೋ, ಕಾಲ ಮತ್ತೆ ಓಡ್ತದೆ."

ನಾನು ಅದನ್ನು ಹಾಕಲೇ ಇಲ್ಲ. ಮದುವೆಯ ಪಿಂಗಾಣಿ ಕಪ್ಪುಗಳನ್ನು ಅಟ್ಟಕ್ಕೆ ಸೇರಿಸಿದ ಹಾಗೆ, ಇರಲಿ ಎಂದು ವಾರವಾರವೂ ಎತ್ತಿಟ್ಟೆ.

"ಏಮಮ್ಮಾ, ಮಲಗಿ ಎದ್ರೆ ಮತ್ತೆ ಬರ್ತದೆ ಅಂತ ಎಷ್ಟು ಸಲ ಹೇಳೋದು?" ಎಂದು ಟೀಚರ್ ನಗುತ್ತಿದ್ದರು.

"ಅವ್ಳು ಅಂಗೇ ಕಣಮ್ಮ. ಹೊಸ ಸೀರೆನೂ ಉಡಾಕಿಲ್ಲ," ಎನ್ನುತ್ತಿದ್ದರು ಅತ್ತೆ.

ಅಷ್ಟರಲ್ಲಿ ಟೀಚರ್‌ಗೆ ವರ್ಗವಾಯಿತು. ಕೊನೆಯ ಶನಿವಾರ ಅವರ ಅರ್ಧ ಮನೆ ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಕಥೆಯಲ್ಲಿ ನಾವು ಬೆಟ್ಟದ ನೆತ್ತಿಯ ಕೋಟೆಯಲ್ಲಿ. ಅತ್ತೆಯ ವೀರೆ ಡ್ರ್ಯಾಗನ್ನಿನ ಕಾಲ ಬುಡದಲ್ಲಿ ಬಿದ್ದಿದ್ದಳು. ಇನ್ನೊಂದು ಏಟಿಗೆ ಅವಳ ಕಥೆ ಮುಗಿಯುತ್ತಿತ್ತು, ಬದುಕಿಸಿಕೊಳ್ಳಲು ಮುಂದಿನ ಶನಿವಾರ ಇರಲಿಲ್ಲ. ಅತ್ತೆಯ ಮುಖ ನಿಜಕ್ಕೂ ಬಾಡಿತ್ತು.

"ನನ್ನ ಸಾಯ್ಸಿ, ಆ ಬೀಜ ಹುರ್ಕೊಂಡ್ ತಿಂತೀಯೇನೇ?"

ಬಿಳಿ ಬೀಜವನ್ನು ತಟ್ಟೆಗೆ ಹಾಕಿದೆ. ಟಣ್ ಎಂದಿತು. ಅತ್ತೆ ಎತ್ತಿದ ಕೈ ಎತ್ತಿದ ಹಾಗೇ ಬೊಂಬೆಯಾದರು. ಫ್ಯಾನು ಮಾತ್ರ ತಿರುಗುತ್ತಿತ್ತು.

"ಎಲ್ಲಾ ನಿಂತದೆ. ನಿಂಗೆ ಮೂರು ಗಳಿಗೆ. ಏನ್ ಮಾಡ್ತೀಯ?" ಟೀಚರ್ ಪಿಸುಗುಟ್ಟಿದರು.

"ಮೊದ್ಲು ಒಂದು ಲೋಟ ಕಾಫಿ, ಕೂತ್ಕೊಂಡು ಕುಡೀತೀನಿ," ಅಂದುಬಿಟ್ಟೆ.

ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬೊಂಬೆಯ ಹೊಟ್ಟೆಯೂ ಕುಲುಕುತ್ತಿತ್ತು. ಯಾರೂ ಕೂಗದ, ಕುಕ್ಕರ್ ಸೀಟಿ ಹಾಕದ ಆ ಕಾಫಿಯನ್ನು ನಾನು ನಿಧಾನವಾಗಿ ಕುಡಿದೆ. ಎರಡನೆಯ ಗಳಿಗೆಯಲ್ಲಿ ಇನ್ನೊಂದು ಬೀಜ ಹಾಕಿ, ವೀರೆಯ ಪಕ್ಕದ ಗೋಡೆಯಲ್ಲಿ ಬೇರೆ ಲೋಕಕ್ಕೊಂದು ಬಾಗಿಲು ತೆರೆದೆ. ಮೂರನೆಯದರಲ್ಲಿ, ಚಾಪೆಯ ಮೇಲೆಯೇ, ಅತ್ತೆಯ ಕೈಯನ್ನು ಬಳೆ ಸಮೇತ ಗಟ್ಟಿಯಾಗಿ ಹಿಡಿದು ಎಳೆದೆ. ಕಾಲ ಓಡಿತು. ನಾವಿಬ್ಬರೂ ಬಾಗಿಲಾಚೆ, ಡ್ರ್ಯಾಗನ್ನಿನ ಏಟು ಬರಿ ಬಂಡೆಗೆ ಬಿದ್ದು, ಬಂಡೆ ಸೀಳಿ, ಡ್ರ್ಯಾಗನ್ನೇ ಬೆಟ್ಟದಿಂದ ಕೆಳಕ್ಕುರುಳಿತು.

ಮಾರನೆಯ ದಿನ ಟೀಚರ್ ಹೊರಟರು. ಬಿಳಿ ಬೀಜ ಅವರ ತಟ್ಟೆಯ ಜೊತೆಗೇ ಹೋಯಿತು. ದಾಳವನ್ನು ಯಾವಾಗ ಭರಣಿಯೊಳಗೆ ಹುದುಗಿಸಿದರೋ... ನಾನು ಆ ಹುಳಿ ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮಲಗಿ ಎದ್ದರೆ ಎಲ್ಲ ವಾಪಸ್ ಬರುತ್ತೆ ಅನ್ನುತ್ತಿದ್ದವರು...

"ಏನೇ ಅದು? ಒಂದ್ಸಲ ಹಾಕು ನೋಡಾನ," ಎಂದು ಅತ್ತೆ ಹತ್ತಿರ ಬಂದು ಕೂತರು.

ಪೇಪರಿನ ಮೇಲೆ ಉರುಳಿಸಿದೆ. ನಾಲ್ಕು ಬಿತ್ತು.

ಅತ್ತೆ ದಾಳವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. "ಟೀಚರಮ್ಮ ಇದ್ದಿದ್ರೆ ನಾಕಕ್ಕೂ ಏನಾದ್ರೂ ಕೊಡೋರು."