ಅವ್ವ ಹಾಕಿದ ಗಂಟು

ಸಾಕಾಗೈತಿ ದೋಸ್ತರಾ. ಇನ್ನು ಮ್ಯಾಲೆ ಈ ಮನ್ಯಾಗ ನಾನು ಒಂದು ಮೊಳಿನೂ ಹೊಡೆಯಂಗಿಲ್ಲ.

ಟಿವಿಯಿಂದ ಹಿತ್ತಲ ಗ್ವಾಡಿ ಸ್ಪೀಕರಿಗೆ ಹೋಗೋ ವೈರನ್ನ ಇಲಿ ಕಡಿದಿತ್ತು. ಅವ್ವಗ ಬಟ್ಟಿ ಒಗಿಬೇಕಾದ್ರ ಹಾಡು ಬೇಕು. ಬೆಳಿಗ್ಗಿಯಿಂದ ಕುಂತು ಹಲ್ಲಿಲೆ ರಬ್ಬರ್ ಸುಲಿದು, ತಾಮ್ರದ ಎಳಿ ಹೊಸೆದು, ಟೇಪ್ ಸುತ್ತಿದೆ. ಕೆಟ್ಟ ತುಂಡು ತೆಗೆದಿದ್ದಕ್ಕ ವೈರ್ ಗಿಡ್ಡಾತು. ಹಿತ್ತಲ ತುಂಬ ಎಳೆದು ಬಿಗಿದೆ. ಹಾಡು ಬಂತು! ಖುಷಿಲೆ ಚಾ ಕುಡಿಯಾಕ ಒಳಗ ಹೋದೆ.

ಅರ್ಧ ಕಪ್ಪಿಗೆ ಹಾಡು ಬಂದ್ ಆತು. ಹೊರಗ ಓಡಿ ಬಂದ್ರ ವೈರ್ ಹರಿದು ಬಿದ್ದೈತಿ, ಅದರ ಮ್ಯಾಲೆ ಅವ್ವ ಒಗೆದು ಹಾಕಿದ ನನ್ನ ಹಸಿ ಕೌದಿ.

"ಯವ್ವಾ, ಇದೇನು ಮಾಡಿದಿ?"

"ಹಗ್ಗ ಕಟ್ಟು, ಹಗ್ಗ ಕಟ್ಟು ಅಂತ ಸಂತಿ ಸಂತಿಗೂ ಬಡ್ಕೊಂತಿದ್ನಲ್ಲ, ಇವತ್ತಾದ್ರೂ ಕಟ್ಟಿದಿ ಅನ್ಕಂಡೆ. ಟೇಪ್ ಸುತ್ತಿದ್ರ ತಡಿತೈತೇನಲೇ? ಹಿಂಗ ಕಟ್ಟಬೇಕು!"

ಎರಡೂ ತುದಿ ಜಗ್ಗಿ ಹಿಡಿದು ರಬ್ಬರ್ ಮ್ಯಾಲೇ ತಾನೇ ಗಂಟು ಬಿಗಿದು, ಕೌದಿ ಮತ್ತ ಹಾಕಿದ್ಳು. ಸಂಜಿ ಆದ್ರೂ ಆ ಗಂಟು ಅಲ್ಲಾಡಿಲ್ಲ. ಈಗ ಕೇಳ್ತಾಳ, "ಹಾಡು ಯಾಕ ಬರವಲ್ದು?"

ಮುಸುಕು ಹಾಕ್ಕೊಂಡು ಮಲಗೋಣಂದ್ರ, ಕೌದಿ ಇನ್ನೂ ಒಣಗಿಲ್ಲ.