ಕದ್ದ ಸೀಸ, ಬಿದ್ದ ಕೈ

ಬಬಲೇಶ್ವರದ ಸಂತೆಯಲ್ಲಿ ಒಂದು ತಪ್ಪಲೆಯನ್ನು ಭಟ್ಟಿಯಿಂದ ಎತ್ತಲು ಹೋದೆ. ಇಕ್ಕಳ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಕೆಳಗೆ ಬಾಗಿತು. ಎತ್ತಿದೆ. ಏಳಲಿಲ್ಲ. ನೋವಿಲ್ಲ, ಬಾವಿಲ್ಲ, ಗಾಯವಿಲ್ಲ. ಬೆರಳು ಮಡಚುತ್ತವೆ, ಬಿಚ್ಚುವುದಿಲ್ಲ. ತಪ್ಪಲೆ ಕೆಂಡದಲ್ಲಿ ಉರುಳಿತು. ಅದರ ಒಡತಿ ನನ್ನನ್ನು ಬಯ್ಯಬೇಕಿತ್ತು. ಬಯ್ಯುವ ಬದಲು ಕಣ್ಣಿಗೆ ಸೆರಗು ಹಚ್ಚಿದಳು.

"ಪೊಲೀಸರು ಹೊಡದದ್ದು ಈಗ ಹೊರಗ ಬಿತ್ತು ನೋಡ್ರಿ," ಎಂದಳು ಪಕ್ಕದವರಿಗೆ. "ಎಂಥಾ ಕೈ ಕೆಡಿಸ್ಯಾರ, ಪಾಪಿಗಳು."

ನಾನು ಎಡಗೈಗೆ ಇಕ್ಕಳ ತೆಗೆದುಕೊಂಡು ತಪ್ಪಲೆಯನ್ನು ಕೆಂಡದಿಂದ ಹೊರಗೆಳೆದೆ.

ನಾನು ಇಮಾಮಸಾಬ, ಕಲಾಯಿ ಹಾಕುವವನು. ಮನೆ ವಿಜಾಪುರದ ಅಂಚಿನ ಇಬ್ರಾಹಿಂಪುರದಲ್ಲಿ, ರೈಲು ಹಳಿಯಿಂದ ಕೂಗಳತೆ. ಟಿಕೋಟ, ಘೋಣಸಗಿ, ಬಬಲೇಶ್ವರದ ಹಿತ್ತಾಳೆ ಪಾತ್ರೆಗಳ ಒಳಮೈ ನಮ್ಮಪ್ಪನ ಕಾಲದಿಂದ ನಮ್ಮ ಪಾಲಿನದು. ಬರೀ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ. ಅದಕ್ಕೇ ಒಳಗೆ ತವರದ ಲೇಪ. ಅದು ಸವೆದಾಗಲೆಲ್ಲ ನಾನು ಹೋಗಬೇಕು. ಯಾರ ಮನೆಯ ಯಾವ ಪಾತ್ರೆಗೆ ಎಲ್ಲಿ ತಗ್ಗು ಬಿದ್ದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇದನ್ನೆಲ್ಲ ಈಗ ಎಡಗೈಯಿಂದ ಬರೆಯುತ್ತಿದ್ದೇನೆ. ಅಕ್ಷರಗಳು ಕೋಳಿ ಕೆದರಿದ ಹಾಗಿವೆ, ಸಾಲಿ ಕಲಿಸಿದ ಮಾಸ್ತರರು ನೋಡಿದರೆ ನೊಂದುಕೊಂಡಾರು.

ಯುದ್ಧ ಬಂದು ತವರ ಸಿಗದಾಯಿತು. ಅದು ಬರುವ ದೇಶಗಳು ಜಪಾನಿನವರ ಕೈಗೆ ಹೋದವಂತೆ. ಆದರೆ ಮಂದಿ ಮಜ್ಜಿಗೆ ಕುಡಿಯುವುದನ್ನು ಬಿಡುತ್ತಾರೆಯೇ? ತವರಕ್ಕೆ ಸೀಸ ಬೆರೆಸಿದರೆ ಒಂದು ಮನೆಯ ತವರ ನಾಲ್ಕು ಮನೆಗೆ ಬರುತ್ತದೆ. ಸೀಸ ಎಲ್ಲಿತ್ತು ಎಂಬುದು ನಮ್ಮ ಓಣಿಗೆಲ್ಲ ಗೊತ್ತು. ರೈಲು ಡಬ್ಬಿಗಳಲ್ಲಿ ದೀಪ ಉರಿಸುವ ಬ್ಯಾಟರಿಗಳು ಹಳತಾದರೆ ಶೆಡ್ಡಿನ ಹಿಂದೆ ರಾಶಿ ಬೀಳುತ್ತಿದ್ದವು. ಒಳಗಿನ ತಗಡೆಲ್ಲ ಸೀಸ. ಮಟಮಟ ಮಧ್ಯಾಹ್ನ ಚೌಕೀದಾರ ಊಟಕ್ಕೆ ಹೋದಾಗ ಚೀಲ ಹಿಡಿದು ನುಸುಳುತ್ತಿದ್ದೆ. ಬ್ಯಾಟರಿಯೊಳಗಿನ ಸುಡುವ ತೇಜಾಬು ಚೆಲ್ಲಿ ಮೊಣಕಾಲಿನ ಚರ್ಮ ಸುಲಿದಿತ್ತು. ಅದೇ ಅಂಗಳದಲ್ಲಿ ಕಬ್ಬಿಣ ಎತ್ತಲು ಹೋದ ಓಣಿಯವನೊಬ್ಬನ ಪಾದ ಡಬ್ಬಿಯ ಗಾಲಿಗೆ ಸಿಕ್ಕಿತು. ಅವನ ಮನೆಗೆ ನಾವೆಲ್ಲ ಪಾಳಿಯ ಮೇಲೆ ರೊಟ್ಟಿ ಕಳಿಸಿದೆವು, ಒಬ್ಬರೂ ಅವನನ್ನು ಕಳ್ಳ ಅನ್ನಲಿಲ್ಲ. ಸರಕಾರ ನಮ್ಮ ಕಾಳು, ನಮ್ಮ ಎತ್ತು ಒಯ್ಯುವಾಗ ಅದರ ಕಸದ ರಾಶಿಯಿಂದ ನಾಲ್ಕು ತಗಡು ಎತ್ತಿದರೆ ಏನು ಪಾಪ ಎಂಬುದು ಎಲ್ಲರ ಮಾತಾಗಿತ್ತು. ನನ್ನದೂ.

ಮನೆಯ ಹಿಂದೆ ತಗಡು ಕರಗಿಸುತ್ತಿದ್ದೆ. ಹೆಂಡತಿ ಮಾಬೂಬಿ ಹೊಗೆ ನೋಡಿ ಸಿಡುಕುತ್ತಿದ್ದಳು. ಕೆಲವೇ ತಿಂಗಳಲ್ಲಿ ಹೊಟ್ಟೆಯಲ್ಲಿ ಹಗ್ಗ ಹೊಸೆದಂಥ ನುಲಿತ ಶುರುವಾಯಿತು. ಬಾಯಲ್ಲಿ ಸದಾ ಒಂದು ಸಿಹಿ. ವಾಯು ಎಂದು ಓಮಿನ ನೀರು ಕುಡಿದೆ.

ಚಲೇಜಾವ್ ಚಳವಳಿ ಎದ್ದಾಗ ಶೆಡ್ಡಿನ ಆಚೆ ಯಾರೋ ತಾರಿನ ತಂತಿ ಕತ್ತರಿಸಿದರು. ಆ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಪೊಲೀಸರನ್ನು ಕಂಡು ಚೀಲವನ್ನು ಗಟಾರಕ್ಕೆ ಎಸೆದೆ. ಅವರು ನನ್ನನ್ನು ಹಿಡಿದು ಮೂರು ದಿನ ಠಾಣೆಯಲ್ಲಿ ಇಟ್ಟುಕೊಂಡು, ಬೆನ್ನಿಗೆ ನಾಲ್ಕು ಬಾರಿಸಿ, ಏನೂ ಸಿಗದೆ ಬಿಟ್ಟರು. ಹೊರಗೆ ಬಂದರೆ ನಾನು ಬೇರೆಯೇ ಮನುಷ್ಯನಾಗಿದ್ದೆ. ಚಹಾದ ಅಂಗಡಿಯಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಟಿಕೋಟದಲ್ಲಿ ಮಂದಿ ಸಾಲುಗಟ್ಟಿ ನನ್ನ ಕೈಯಿಂದಲೇ ಕಲಾಯಿ ಹಾಕಿಸಿದರು. ತಂತಿ ಕತ್ತರಿಸಿದವನು ನಾನೇ ಎಂದು ನಾನು ಎಲ್ಲಿಯೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಇಷ್ಟು ವರ್ಷ ಮಸಿ ಬಳಿದುಕೊಂಡು ಕಟ್ಟೆಯ ಕೆಳಗೆ ಕೂತವನಿಗೆ ಆ ಮರ್ಯಾದೆ ಎಷ್ಟು ರುಚಿಸಿತೆಂದು ಹೇಳಲು ನಾಚಿಕೆಯಾಗುತ್ತದೆ.

ಕೈ ಬಿದ್ದ ಮರುದಿನ ಮಾಬೂಬಿ ನನ್ನನ್ನು ವಿಜಾಪುರದ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕೈ ನೋಡುವ ಮೊದಲು ತುಟಿ ಎತ್ತಿ ಒಸಡು ನೋಡಿದರು. ಕನ್ನಡಿ ತಂದು ನನಗೂ ತೋರಿಸಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ, ಮಸಿಯಿಂದ ಎಳೆದ ಹಾಗೆ.

"ಏನು ಕೆಲಸ ಮಾಡ್ತಿ?"

"ಕಲಾಯಿರಿ."

"ತವರದಾಗ ಏನು ಕೂಡಸ್ತಿ?"

ನಾನು ಮಾಬೂಬಿಯ ಮುಖ ನೋಡಿದೆ. ಅವಳು ನೆಲ ನೋಡಿದಳು.

ಲೆಡ್ ಪಾಯಿಜನಿಂಗ್ ಎಂದರು, ಸೀಸದ ವಿಷ ಮೈಗೇರಿದೆಯಂತೆ. ಕೈ ಬಾಗದಂತೆ ಮರದ ಪಟ್ಟಿಯ ಸ್ಪ್ಲಿಂಟ್ ಕಟ್ಟಿಸಿ ವಾರ್ಡಿನಲ್ಲಿ ಮಲಗಿಸಿದರು. ಸೀಸ ಬಿಟ್ಟರೆ ಕೈ ನಿಧಾನಕ್ಕೆ ಎದ್ದೀತು, ಏಳದಿದ್ದರೂ ಜೀವಕ್ಕೆ ಅಪಾಯವಿಲ್ಲ ಎಂದರು. ಹೊರಟವರು ನಿಂತು ತಿರುಗಿದರು.

"ನಿನ್ನ ಪಾತ್ರೆಯೊಳಗ ಉಂಡಾವರು ಹೆಂಗದಾರ?"

ಆ ರಾತ್ರಿ ನನ್ನ ಪಾತ್ರೆಗಳಿದ್ದ ಮನೆಗಳನ್ನು ಒಂದೊಂದಾಗಿ ಎಣಿಸಿದೆ.

ಮೂರನೆಯ ದಿನ ಟಿಕೋಟದ ನೀಲವ್ವ ನೋಡಲು ಬಂದಳು. ಒಕ್ಕಲುತನದ ಮನೆಯವಳು, ನನಗಿಂತ ಸ್ವಲ್ಪ ಹಿರಿಯಳು. ಮಡಿಲಲ್ಲಿ ಇಟ್ಟುಕೊಂಡು ಬಂದ ಹಿತ್ತಾಳೆ ಚರಿಗೆಯ ತುಂಬ ಮಜ್ಜಿಗೆ.

"ಕುಡಿ ಇಮಾಮಣ್ಣ. ನೀನ ಕಲಾಯಿ ಹಾಕಿದ ಚರಿಗಿ. ನಮ್ಮ ಸಲುವಾಗಿ ಹೊಡತ ತಿಂದಿ, ಇಷ್ಟರ ಮಾಡಬ್ಯಾಡೇನು?"

ಹಾಗೇ ಮನೆಯ ಸುದ್ದಿ ಹೇಳಿದಳು. ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಏಳು ತಿಂಗಳು. ಹುಣಸೆ ಹುಳಿ ಇಲ್ಲದೆ ತುತ್ತು ಇಳಿಯುವುದಿಲ್ಲ.

"ಆದ್ರ ಯಾಕೋ ಬಿಳಚಿಕೊಂಡಾಳ. ಹೊಟ್ಟಿ ನುಲಿತೈತಿ ಅಂತ ಮುದ್ದಿ ಆಗಿ ಕುಂದರತಾಳ."

ಹುಳಿ ಯಾವ ಪಾತ್ರೆಯಲ್ಲಿ ಇಡುತ್ತೀರಿ ಎಂದು ಕೇಳಬೇಕಾಗಿರಲಿಲ್ಲ. ಅವರ ಮನೆಯ ಹುಳಿಯ ತಪ್ಪಲೆಯನ್ನು ದೀಪಾವಳಿಯ ಮುಂಚೆ ನಾನೇ ಬೆಳ್ಳಗೆ ಮಾಡಿಕೊಟ್ಟಿದ್ದೆ. ಮಾತು ನಾಲಿಗೆಯವರೆಗೆ ಬಂತು. ಆಚೀಚೆಯ ಹಾಸಿಗೆಯವರು ನನ್ನನ್ನೇ ನೋಡುತ್ತಿದ್ದರು, ಅವರಿಗೂ ನಾನು ತಂತಿ ಕತ್ತರಿಸಿದ ಇಮಾಮಸಾಬ. ಆಮೇಲೆ ಕುಡಿಯುತ್ತೇನೆ ಎಂದೆ. ಅವಳು ಹೋದಳು.

ಮಾಬೂಬಿ ಚರಿಗೆಯನ್ನು ಹೊರಗೆ ಚೆಲ್ಲಿ ಬಂದು ಎದುರಿಗೆ ಕೂತಳು.

"ಜೇಲಿಗೆ ಹಾಕ್ತಾರಂತ ಅಂಜೀರೇನು?"

"ಹೂಂ."

"ಸುಳ್ಳು. ನಾಳಿಂದ ಯಾರೂ ಎದ್ದು ನಿಂದ್ರೂದಿಲ್ಲಂತ ಅಂಜೀರಿ."

ಇವಳ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ. ಸುಳ್ಳು ಹೇಳಿ ಒಮ್ಮೆಯೂ ಗೆದ್ದಿಲ್ಲ. ಎರಡು ದಿನ ಮಲಗಿ ಯೋಚಿಸಿದೆ. ಹೋದ ಚಳಿಗಾಲ ಘೋಣಸಗಿಯಲ್ಲಿ ಒಂದು ಮನೆಯ ಹಸುಗೂಸು ಕಾರಣ ತಿಳಿಯದೆ ಸೆಟೆದು ಸತ್ತಿತ್ತು. ಆ ಮನೆಯ ಹಾಲಿನ ಪಾತ್ರೆಗೂ ಕಲಾಯಿ ನನ್ನದೇ. ಅದು ನನ್ನ ಸೀಸದಿಂದಲೋ ಜ್ವರದಿಂದಲೋ ಎಂದು ಡಾಕ್ಟರನ್ನು ಕೇಳಿದರೆ ಅವರಿಗೂ ಹೇಳಲಾಗಲಿಲ್ಲ. ನನಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ. ಕಣ್ಣು ಮುಚ್ಚಿದರೆ ಆ ಪಾತ್ರೆಯ ಬೆಳ್ಳನೆಯ ತಳ ಕಾಣುತ್ತಿತ್ತು, ಅದನ್ನು ಹೆಮ್ಮೆಯಿಂದ ಉಜ್ಜುತ್ತಿದ್ದ ನನ್ನ ಕೈಯೂ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಆ ಎರಡು ದಿನ ಕಳೆದ ಮೇಲೆ ಸ್ಪ್ಲಿಂಟ್ ಕಟ್ಟಿದ ಕೈಯಲ್ಲೇ ಮಾಬೂಬಿಯ ಜೊತೆ ಟಿಕೋಟಕ್ಕೆ ಹೋದೆ. ಊರ ಕಟ್ಟೆಯ ಮೇಲಿದ್ದ ಹಿರಿಯರ ಮುಂದೆ ಎಲ್ಲ ಹೇಳಿದೆ. ತಂತಿ ನಾನು ಕತ್ತರಿಸಿಲ್ಲ, ನಾನು ಹೋಗಿದ್ದು ಸೀಸ ಕದಿಯಲು, ಅದನ್ನೇ ನಿಮ್ಮ ಪಾತ್ರೆಗೆ ಹಾಕಿದ್ದೇನೆ, ಅದರಲ್ಲಿ ಉಣ್ಣಬೇಡಿ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪೊಲೀಸರು ಹಿಂಗ ಹೇಳಸ್ಯಾರ," ಎಂದರು ಎಲ್ಲರಿಗಿಂತ ಹಿರಿಯರು. "ಹೆಸರು ಕೆಡಸಾಕ. ನೀ ಅಂಜಬ್ಯಾಡಪಾ, ನಮಗ ತಿಳೀತೈತಿ."

ಕದ್ದವನು ಕದ್ದೆ ಎನ್ನುತ್ತಿದ್ದಾನೆ, ಊರು ಒಪ್ಪುತ್ತಿಲ್ಲ. ನನ್ನ ಮೇಲಿನ ಅವರ ಕರುಣೆ ಅಷ್ಟು ಗಟ್ಟಿಯಾಗಿತ್ತು. ಬಿಸಿ ರೊಟ್ಟಿ ತರಿಸಿದರು, ಜೊತೆಗೆ ನನ್ನದೇ ಕಲಾಯಿಯ ಬೋಗುಣಿಯಲ್ಲಿ ಮೊಸರು. ಅಳು ಬಂತು. ಅದನ್ನೂ ಅವರು ಪೊಲೀಸರ ಲೆಕ್ಕಕ್ಕೇ ಹಾಕಿದರು.

ನೀಲವ್ವನ ಮನೆಗೆ ಹೋದೆ. ಹುಳಿಯ ತಪ್ಪಲೆ ತರಿಸಿ, ಒಳಗೆ ಒರೆಸಲು ಹೇಳಿ, ಎಡಗೈಯ ಹೆಬ್ಬೆರಳನ್ನು ಒಳಮೈಗೆ ಒತ್ತಿ ಉಜ್ಜಿದೆ. ಒಳ್ಳೆಯ ತವರ ಬೆರಳಿಗೆ ಏನೂ ಅಂಟಿಸುವುದಿಲ್ಲ. ಸೀಸ ಕಪ್ಪು ಬಿಡುತ್ತದೆ. ಬೆರಳನ್ನು ಅವಳ ಮುಂದೆ ಹಿಡಿದೆ. ಆಮೇಲೆ ತುಟಿ ಎತ್ತಿ ನನ್ನ ಒಸಡು ತೋರಿಸಿದೆ.

"ಶಾಂತವ್ವನ ಹಲ್ಲು ನೋಡವ್ವಾ."

ನೀಲವ್ವ ಮಗಳನ್ನು ಬಾಗಿಲ ಬೆಳಕಿಗೆ ಕರೆದು ಬಾಯಿ ತೆರೆಸಿದಳು.

ಗೆರೆ ಇತ್ತು. ತೆಳ್ಳಗೆ.

ಶಾಂತವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ನೀಲವ್ವ ನನ್ನ ಕಡೆ ತಿರುಗಿದಳು.

"ತಂತಿ ಕತ್ತರಿಸಿದಾಂವ ನೀ ಅಲ್ಲೇನು?"

"ಅಲ್ಲವ್ವಾ."

"ಹಂಗಾರ ಏಳು. ನಿನ್ನ ಮಾತು ಯಾರೂ ನಂಬೂದಿಲ್ಲ, ನನ್ನ ಮಾತು ನಂಬ್ತಾರ."

ಮುಂದೆ ಅವಳು, ಹಿಂದೆ ನಾನು, ನನ್ನ ಹಿಂದೆ ಮಾಬೂಬಿ. ಪ್ರತಿ ಬಾಗಿಲಲ್ಲೂ ನೀಲವ್ವ ನಿಂತು ಒಂದೇ ಮಾತು ಹೇಳಿದಳು. "ಇಂವ ಕಳ್ಳ ಅದಾನ. ನನ್ನ ಮಗಳಿಗೆ ವಿಷ ಉಣಿಸ್ಯಾನ. ಪಾತ್ರಿ ಹೊರಗ ಹಾಕ್ರಿ." ನಾನು ತಲೆ ತಗ್ಗಿಸಿ ಹೌದ್ರಿ ಎನ್ನುತ್ತಿದ್ದೆ. ಕೆಲವರು ಬಯ್ದರು, ಒಬ್ಬ ಮುದುಕಿ ಕಸಬರಿಗೆ ಎತ್ತಿದಳು. ಒಂದೊಂದು ಮನೆ ನನ್ನನ್ನು ಕಳ್ಳ ಎಂದು ಒಪ್ಪಿದಾಗಲೂ ಒಂದೊಂದು ಪಾತ್ರೆ ಅಂಗಳಕ್ಕೆ ಬಂದು ಬೋರಲು ಬಿತ್ತು, ನನಗೆ ಅಷ್ಟಷ್ಟೇ ಉಸಿರು ಸಲೀಸಾಯಿತು. ಮರುದಿನ ಬಬಲೇಶ್ವರ, ಅದರ ಮರುದಿನ ಘೋಣಸಗಿ. ಹಸುಗೂಸು ಸತ್ತ ಮನೆಯ ಬಾಗಿಲು ಹಾಕಿತ್ತು. ಆ ತಾಯಿ ಗಂಡನ ಜೊತೆ ಬೇರೆ ಊರಿಗೆ ಹೋಗಿದ್ದಳು, ಪಾತ್ರೆಯೂ ಜೊತೆಗೆ ಹೋಗಿತ್ತು. ಅವರು ಹೋದ ಊರಿಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ.

ರೈಲ್ವೆಯವರ ಮುಂದೆಯೂ ಒಪ್ಪಿಕೊಂಡೆ. ಕೈ ನೋಡಿ, ಬಯ್ದು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

ಕೈ ಈಗ ಎರಡು ಬೆರಳಿನಷ್ಟು ಏಳುತ್ತದೆ. ಇಕ್ಕಳ ಹಿಡಿಯುವಷ್ಟು ಏಳುತ್ತದೆಯೋ ಇಲ್ಲವೋ ಡಾಕ್ಟರು ಹೇಳುವುದಿಲ್ಲ. ಮಾಬೂಬಿ ತೊರವಿಯ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಾಳೆ, ನಾನು ಒಲೆ ಹಚ್ಚಿ ಅಡಿಗೆ ಮಾಡುತ್ತೇನೆ, ಮಣ್ಣಿನ ಗಡಿಗೆಯಲ್ಲಿ.

ಶಾಂತವ್ವನಿಗೆ ಹೆರಿಗೆಯಾಯಿತೆಂದು ಹೋದ ವಾರ ಸುದ್ದಿ ಬಂತು. ಟಿಕೋಟಕ್ಕೆ ನಡೆದೇ ಹೋದೆ. ಬಾಗಿಲಲ್ಲಿ ನೀಲವ್ವ ನನ್ನನ್ನು ಕಂಡಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ಗೋಡೆಯ ಈಚೆ ಬಿಸಿಲಲ್ಲಿ ನಿಂತೆ. ಕೂಸು ಅಳುತ್ತಿತ್ತು. ಸಣ್ಣ ದನಿ, ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಮತ್ತೆ ಅಳುತ್ತಿತ್ತು.